ಕರೆಂಟ್ ದರದ ಕೇಸಿನಲ್ಲಿ ನಿಮ್ಮ ಮಾತು ನ್ಯಾಯಾಧೀಶರವರೆಗೆ ಮುಟ್ಟಿಸುವುದು ಹೇಗೆ? ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಕರೆಂಟ್ ಬಿಲ್ಲಿನ ಲಕೋಟೆಯೊಳಗೆ ಒಮ್ಮೊಮ್ಮೆ ಮಡಚಿದ ಹಾಳೆಯೊಂದು ಇರುತ್ತದೆ. ಸಣ್ಣ ಅಕ್ಷರ, ಎರಡೂ ಕಡೆ ಒತ್ತೊತ್ತಾದ ಪ್ರಿಂಟ್. ಕಂಪನಿ ದರ ಹೆಚ್ಚಿಸಲು ಅರ್ಜಿ ಹಾಕಿದೆ ಎಂಬ ಸೂಚನೆ ಅದು. ಮೊದಮೊದಲು ನಾನು ಅದನ್ನು ನೋಡದೆ ರೀಸೈಕಲ್ ಡಬ್ಬಕ್ಕೆ ಹಾಕುತ್ತಿದ್ದೆ. ಒಂದು ಸಲ ಕೂತು ಓದಿದೆ. ಕೇಸಿನ ಸಂಖ್ಯೆ, ಕಂಪನಿ ಕೇಳಿದ ಮೊತ್ತ, ಜನ ತಮ್ಮ ಅಭಿಪ್ರಾಯ ಹೇಳುವ ದಾರಿ, ಎಲ್ಲವೂ ಅದರಲ್ಲೇ ಇತ್ತು.

ಆ ಕೇಸನ್ನು ಕೇಳುವವರು ಆಡಳಿತ ಕಾನೂನು ನ್ಯಾಯಾಧೀಶರು. ಇಲ್ಲಿ ಎಲ್ಲರೂ ಅವರನ್ನು ಎಎಲ್‌ಜೆ ಅನ್ನುತ್ತಾರೆ. ದರ ಏರಿದ ಮೇಲೆ ನೆರೆಹೊರೆಯಲ್ಲಿ ಗೊಣಗುವುದು ಸುಲಭ. ಏರುವ ಮುನ್ನ, ಸರಿಯಾದ ಹೊತ್ತಿಗೆ, ಸರಿಯಾದ ಕಡತದಲ್ಲಿ ಮಾತು ಇಟ್ಟರೆ ಅದಕ್ಕೆ ಬೆಲೆ ಜಾಸ್ತಿ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು: ಎಎಲ್‌ಜೆ ಅಂದರೆ ಯಾರು?

ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ವಿದ್ಯುತ್, ಗ್ಯಾಸ್ ಮತ್ತು ನೀರಿನ ಕಂಪನಿಗಳ ದರ ತೀರ್ಮಾನಿಸುವುದು ಸಾರ್ವಜನಿಕ ಸೌಲಭ್ಯಗಳ ಆಯೋಗ, ಅಂದರೆ ಸಿಪಿಯುಸಿ. ಇದು 1911ರಲ್ಲಿ ರೈಲ್ವೆ ಆಯೋಗವಾಗಿ ಶುರುವಾಯಿತು. ಮರುವರ್ಷ ವಿದ್ಯುತ್, ಗ್ಯಾಸ್, ಫೋನ್, ನೀರು ಎಲ್ಲವೂ ಇದರ ಕೈಗೆ ಬಂದವು. ಈಗಿನ ಹೆಸರು ಬಂದದ್ದು 1946ರಲ್ಲಿ. ಮುಖ್ಯ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾನ್ ನೆಸ್ ರಸ್ತೆಯಲ್ಲಿದೆ. ಐದು ಜನ ಆಯುಕ್ತರು. ಅವರನ್ನು ಗವರ್ನರ್ ನೇಮಿಸುತ್ತಾರೆ, ಅವಧಿ ಆರು ವರ್ಷ.

ಐದೇ ಜನ ಎಲ್ಲ ಕೇಸುಗಳ ಸಾಕ್ಷಿಗಳನ್ನು ಕೂತು ಕೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ಕೇಸಿಗೂ ಒಬ್ಬ ಆಯುಕ್ತರನ್ನೂ ಒಬ್ಬರು ಅಥವಾ ಇಬ್ಬರು ಎಎಲ್‌ಜೆಗಳನ್ನೂ ನಿಗದಿ ಮಾಡುತ್ತಾರೆ. ಎಎಲ್‌ಜೆಗಳು ಸರ್ಕಾರಿ ನೌಕರರು, ರಾಜಕೀಯ ನೇಮಕದವರಲ್ಲ. ವಿಚಾರಣೆ ನಡೆಸುವುದು, ಸಾಕ್ಷ್ಯ ಒಪ್ಪುವುದು, ತಕರಾರುಗಳನ್ನು ಬಗೆಹರಿಸುವುದು, ಕೊನೆಗೆ ನೂರಾರು ಪುಟದ ಕರಡು ತೀರ್ಪು ಬರೆಯುವುದು, ಇದೆಲ್ಲ ಅವರ ಕೆಲಸ. ಓಟು ಹಾಕುವ ಅಧಿಕಾರ ಮಾತ್ರ ಆಯುಕ್ತರದ್ದು.

ಬೆಂಗಳೂರಿನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ, ಅಂದರೆ ಕೆಇಆರ್‌ಸಿಯ ಸಾರ್ವಜನಿಕ ವಿಚಾರಣೆ ನೋಡಿದವರಿಗೆ ಇದು ಹೊಸದು ಅನ್ನಿಸಬಹುದು. ಅಲ್ಲಿ ಬೆಸ್ಕಾಂನಂಥ ಕಂಪನಿ ಅರ್ಜಿ ಹಾಕುತ್ತದೆ, ಗ್ರಾಹಕರು ಆಕ್ಷೇಪಣೆ ಸಲ್ಲಿಸುತ್ತಾರೆ, ಆಯೋಗದ ಅಧ್ಯಕ್ಷರು ಮತ್ತು ಸದಸ್ಯರೇ ಎದುರು ಕೂತು ಕೇಳಿ ಆದೇಶ ಬರೆಯುತ್ತಾರೆ. ಇಲ್ಲಿ ಕೇಳುವವರು ಒಬ್ಬರು, ಓಟು ಹಾಕುವವರು ಬೇರೆಯವರು. ಈ ಇಬ್ಬರ ನಡುವೆ ಇರುವ ಸೇತುವೆ ಅಂದರೆ ಕೇಸಿನ ದಾಖಲೆ. ತೀರ್ಪು ನಿಲ್ಲುವುದು ದಾಖಲೆಯಲ್ಲಿರುವ ಸಾಕ್ಷ್ಯದ ಮೇಲೆ. ಅಲ್ಲಿ ಇಲ್ಲದ ಸಂಗತಿಯನ್ನು ಎಎಲ್‌ಜೆ ಮನಸ್ಸಿದ್ದರೂ ಆಧಾರವಾಗಿ ಬಳಸುವ ಹಾಗಿಲ್ಲ. ಮುಂದಿನ ಎಲ್ಲ ಹೆಜ್ಜೆಗಳೂ ಇದರ ಸುತ್ತಲೇ ತಿರುಗುತ್ತವೆ.

ಹೆಜ್ಜೆ 1: ನಿಮ್ಮ ಕಂಪನಿ ಸಿಪಿಯುಸಿ ಕೆಳಗೆ ಬರುತ್ತದಾ ನೋಡಿ

ಪಿಜಿ ಅಂಡ್ ಇ, ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್, ಸ್ಯಾನ್ ಡಿಯಾಗೋ ಗ್ಯಾಸ್ ಅಂಡ್ ಎಲೆಕ್ಟ್ರಿಕ್, ಇವು ಬರುತ್ತವೆ. ಸಾಂಟಾ ಕ್ಲಾರಾ ಊರಿನವರಿಗೆ ಕರೆಂಟ್ ಕೊಡುವುದು ಅಲ್ಲಿನ ನಗರಸಭೆಯ ಸಿಲಿಕಾನ್ ವ್ಯಾಲಿ ಪವರ್. ಪಾಲೊ ಆಲ್ಟೊದಲ್ಲೂ ನಗರದ್ದೇ ವ್ಯವಸ್ಥೆ. ಲಾಸ್ ಏಂಜಲೀಸ್ ನಗರ ಮತ್ತು ಸ್ಯಾಕ್ರಮೆಂಟೊ ಕೂಡ ಹಾಗೆಯೇ. ಅವುಗಳ ದರ ತೀರ್ಮಾನ ಆಗುವುದು ಆಯಾ ನಗರದ ಅಥವಾ ಮಂಡಳಿಯ ಸಭೆಯಲ್ಲಿ. ಅಲ್ಲಿಗೆ ಎಎಲ್‌ಜೆ ಬರುವುದಿಲ್ಲ.

ಇನ್ನೊಂದು ಗೊಂದಲ ಇದೆ. ಸನಿವೇಲ್, ಕ್ಯುಪರ್ಟಿನೊ ಕಡೆಯವರ ಬಿಲ್ಲಿನಲ್ಲಿ ಸಿಲಿಕಾನ್ ವ್ಯಾಲಿ ಕ್ಲೀನ್ ಎನರ್ಜಿ ಅಂತ ಒಂದು ಸಾಲು ಇರುತ್ತದೆ. ಅದು ವಿದ್ಯುತ್ ಖರೀದಿಯ ಭಾಗ. ಅದರ ದರ ಅವರ ಮಂಡಳಿಯ ಕೈಯಲ್ಲಿ. ತಂತಿ, ಕಂಬ, ಮರ ಕಡಿಯುವುದು, ಬೆಂಕಿ ತಡೆ, ಇವು ವಿತರಣೆಯ ಭಾಗದಲ್ಲಿ ಬರುತ್ತವೆ. ಅದು ಸಿಪಿಯುಸಿ ಕೈಯಲ್ಲಿ. ಬಿಲ್ ಬಿಡಿಸಿಟ್ಟು ಯಾವ ಸಾಲು ಏರಿದೆ ಅಂತ ಮೊದಲು ಗುರುತು ಹಾಕಿಕೊಳ್ಳಿ.

ಹೆಜ್ಜೆ 2: ಕೇಸಿನ ಸಂಖ್ಯೆ ಹಿಡಿಯಿರಿ

ಸಂಖ್ಯೆ ಹೀಗಿರುತ್ತದೆ: ಎ.21-06-021. ‘ಎ’ ಅಂದರೆ ಅರ್ಜಿ. 21 ಅಂದರೆ 2021, 06 ಅಂದರೆ ಜೂನ್. ಕೊನೆಯದು ಆ ತಿಂಗಳ ಕ್ರಮಸಂಖ್ಯೆ. ‘ಸಿ’ ಇದ್ದರೆ ದೂರು, ‘ಐ’ ಇದ್ದರೆ ತನಿಖೆ, ‘ಆರ್’ ಇದ್ದರೆ ನಿಯಮ ರೂಪಿಸುವ ಕೇಸು.

ಈ ಸಂಖ್ಯೆಯನ್ನು ಆಯೋಗದ ವೆಬ್‌ಸೈಟಿನಲ್ಲಿ ಹಾಕಿದರೆ ಡಾಕೆಟ್ ಕಾರ್ಡ್ ತೆರೆಯುತ್ತದೆ. ಸಲ್ಲಿಕೆಯಾದ ಪ್ರತಿ ಕಾಗದ, ಎಎಲ್‌ಜೆಯ ಹೆಸರು, ಸಾರ್ವಜನಿಕರ ಅಭಿಪ್ರಾಯ, ಎಲ್ಲ ಅಲ್ಲೇ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಕೇಸಿನ ಕಾಗದ ಯಾರ್ಯಾರಿಗೆ ಹೋಗಬೇಕು ಎಂಬ ಸೇವಾ ಪಟ್ಟಿಯಲ್ಲಿ ‘ಮಾಹಿತಿಗಾಗಿ ಮಾತ್ರ’ ಎಂಬ ಗುಂಪಿಗೆ ನಿಮ್ಮ ಹೆಸರು ಸೇರಿಸಿಕೊಂಡರೆ ಕಾಗದಪತ್ರ ಇಮೇಲಿಗೇ ಬರುತ್ತವೆ.

ನಾನು ಮೇಲೆ ಕೊಟ್ಟ ಸಂಖ್ಯೆ ಸುಮ್ನೆ ಆರಿಸಿದ್ದಲ್ಲ. ಅದು ಪಿಜಿ ಅಂಡ್ ಇ ಕಂಪನಿಯ 2023ರಿಂದ 2026ರವರೆಗಿನ ಸಾಮಾನ್ಯ ದರದ ಕೇಸು (ಜನರಲ್ ರೇಟ್ ಕೇಸ್). ದೊಡ್ಡ ಕಂಪನಿಗಳು ಈಗ ನಾಲ್ಕು ವರ್ಷಕ್ಕೊಮ್ಮೆ ಇಂಥ ಅರ್ಜಿ ಹಾಕುತ್ತವೆ. ಈ ಕೇಸು ಮುಂದೆ ಮತ್ತೆ ಬರುತ್ತದೆ.

ಹೆಜ್ಜೆ 3: ಎಷ್ಟು ಒಳಗೆ ಹೋಗಬೇಕು ಅಂತ ತೀರ್ಮಾನಿಸಿ

ಮೂರು ದಾರಿ ಇವೆ. ಬರೆದು ಅಭಿಪ್ರಾಯ ಕೊಡುವುದು. ಸಾರ್ವಜನಿಕ ಸಭೆಯಲ್ಲಿ ಮಾತಾಡುವುದು. ಕಕ್ಷಿದಾರರಾಗಿ ಕೇಸಿನೊಳಗೆ ಸೇರುವುದು. ಮೊದಲ ಎರಡಕ್ಕೆ ಒಂದು ಸಂಜೆ ಸಾಕು. ಮೂರನೆಯದು ತಿಂಗಳುಗಟ್ಟಲೆ ಹಿಡಿಯುತ್ತದೆ. ಒಬ್ಬರೇ ಹೋಗುವುದಕ್ಕಿಂತ ಬೀದಿಯವರೋ ಸಂಘದವರೋ ಸೇರಿ ಹೋಗುವುದು ವಾಸಿ.

ಕಕ್ಷಿದಾರರಾಗುವ ನೇರ ದಾರಿ ತಕರಾರು ಅರ್ಜಿ. ಕಂಪನಿಯ ಅರ್ಜಿಯ ಸೂಚನೆ ಆಯೋಗದ ದಿನಪಟ್ಟಿಯಲ್ಲಿ ಕಾಣಿಸಿಕೊಂಡ ದಿನದಿಂದ 30 ದಿನದೊಳಗೆ ಸಲ್ಲಿಸಬೇಕು. ಬಿಲ್ಲಿನೊಳಗಿನ ಹಾಳೆ ನಿಮ್ಮ ಕೈ ಸೇರುವ ಹೊತ್ತಿಗೆ ಈ ಗಡುವು ಮುಗಿದಿರಬಹುದು. ಗಾಬರಿ ಬೇಡ. ಕಕ್ಷಿದಾರರಾಗಿ ಸೇರಿಸಿಕೊಳ್ಳಿ ಅಂತ ಎಎಲ್‌ಜೆಗೆ ಬರೆದು ಕೇಳಬಹುದು, ಪೂರ್ವಭಾವಿ ಸಭೆಯಲ್ಲಿ ಎದ್ದು ಬಾಯಲ್ಲೂ ಕೇಳಬಹುದು. ನಿಮಗೆ ಈ ಕೇಸಿನಲ್ಲಿ ಏನು ಆಸಕ್ತಿ, ಯಾವ ವಿಷಯ ಎತ್ತುತ್ತೀರಿ ಎಂಬುದು ಸ್ಪಷ್ಟವಾಗಿರಬೇಕು.

ಹೆಜ್ಜೆ 4: ವ್ಯಾಪ್ತಿಯ ಆದೇಶ ಓದಿ. ಇದನ್ನು ಬಿಡಲೇಬೇಡಿ

ಅರ್ಜಿ ಬಂದ ಮೇಲೆ ಎಎಲ್‌ಜೆ ಎಲ್ಲರನ್ನೂ ಪೂರ್ವಭಾವಿ ಸಭೆಗೆ ಕರೆಯುತ್ತಾರೆ. ಯಾವ ವಿಷಯ ಚರ್ಚೆಗೆ ಬರಬೇಕು, ಸಾಕ್ಷಿ ವಿಚಾರಣೆ ಬೇಕಾ, ಯಾವ ತಾರೀಕಿಗೆ ಏನು ಎಂಬುದೆಲ್ಲ ಅಲ್ಲಿ ಮಾತಾಗುತ್ತದೆ. ಆಮೇಲೆ ಆ ಕೇಸಿನ ಆಯುಕ್ತರು ವ್ಯಾಪ್ತಿಯ ಆದೇಶ ಹೊರಡಿಸುತ್ತಾರೆ. ಪ್ರಶ್ನೆಗಳಿಗೆ ಅದರಲ್ಲಿ ನಂಬರ್ ಹಾಕಿರುತ್ತಾರೆ. ಇಡೀ ಕೇಸು ನಡೆಯುವುದು ಆ ಪಟ್ಟಿಯೊಳಗೆ.

ನಮ್ಮವರ ಬಹಳಷ್ಟು ಶ್ರಮ ವ್ಯರ್ಥವಾಗುವುದು ಇಲ್ಲೇ. ಸಾಮಾನ್ಯ ದರದ ಕೇಸಿನಲ್ಲಿ ಸೋಲಾರ್ ಬಗ್ಗೆ ಎರಡು ಪುಟ ಬರೆಯುತ್ತಾರೆ. ಸೋಲಾರ್‌ಗೆ ಬೇರೆ ಕೇಸು ಇರುತ್ತದೆ. ಷೇರುದಾರರಿಗೆ ಎಷ್ಟು ಲಾಭಾಂಶ ಸಲ್ಲಬೇಕು ಎಂಬುದಕ್ಕೆ ಇನ್ನೊಂದು ಕೇಸು. ವಿದ್ಯುತ್ ಖರೀದಿಯ ಖರ್ಚಿಗೆ ಮತ್ತೊಂದು. ದೊಡ್ಡ ಪ್ರಸರಣ ಮಾರ್ಗಗಳ ದರ ವಾಷಿಂಗ್ಟನ್ನಿನ ಕೇಂದ್ರ ಆಯೋಗಕ್ಕೆ ಹೋಗುತ್ತದೆ. ಮಾತು ಎಷ್ಟೇ ಸರಿಯಿದ್ದರೂ ತಪ್ಪು ಕಡತದಲ್ಲಿದ್ದರೆ ಎಎಲ್‌ಜೆ ‘ವ್ಯಾಪ್ತಿಗೆ ಹೊರಗೆ’ ಅಂತ ಒಂದೇ ಸಾಲಿನಲ್ಲಿ ಬದಿಗಿಡುತ್ತಾರೆ. ಅದು ಅವರ ಒರಟುತನ ಅಲ್ಲ, ಅವರಿಗೆ ಬೇರೆ ದಾರಿಯಿಲ್ಲ.

ಕೇಸು ಯಾವ ವರ್ಗದ್ದು ಎಂಬುದೂ ಈ ಆದೇಶದಲ್ಲಿ ಪಕ್ಕಾ ಆಗಿರುತ್ತದೆ: ದರ ನಿಗದಿ, ದೂರು ತೀರ್ಮಾನ, ಅಥವಾ ನೀತಿ ರೂಪಿಸುವುದು. ಇದು ಹೆಜ್ಜೆ 7ರಲ್ಲಿ ಬೇಕಾಗುತ್ತದೆ.

ಹೆಜ್ಜೆ 5: ಸಾಕ್ಷ್ಯ ಹೇಗೆ ದಾಖಲೆ ಸೇರುತ್ತದೆ ಅಂತ ತಿಳಿಯಿರಿ

ಕಾನೂನು ಹೇಳುವುದು ಇಷ್ಟು: ದರ ನ್ಯಾಯವಾಗಿರಬೇಕು, ಸಮಂಜಸವಾಗಿರಬೇಕು. ಹಾಗಿದೆ ಅಂತ ರುಜುವಾತು ಮಾಡುವ ಹೊಣೆ ಕಂಪನಿಯದ್ದು, ನಿಮ್ಮದಲ್ಲ. ಈ ಒಂದು ಅಂಶ ಗ್ರಾಹಕರ ಕೈಯಲ್ಲಿರುವ ದೊಡ್ಡ ಬಲ.

ಕಕ್ಷಿದಾರರು ಕಂಪನಿಗೆ ಪ್ರಶ್ನೆ ಕಳಿಸಿ ಅಂಕಿಅಂಶ ಕೇಳಬಹುದು. ಕೊಡಲಿಲ್ಲ ಅಂದರೆ ಎಎಲ್‌ಜೆಗೆ ಹೇಳಿ ಕೊಡಿಸಬಹುದು. ಆಮೇಲೆ ಲಿಖಿತ ಸಾಕ್ಷ್ಯ, ಅದಕ್ಕೆ ಪ್ರತಿಸಾಕ್ಷ್ಯ, ಕೊನೆಗೆ ಪಾಟಿ ಸವಾಲು.

ಪಾಟಿ ಸವಾಲು ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ, ಅಂಕಿ ನಾನು ಕಲ್ಪಿಸಿದ್ದು. ಒಂದು ಕೆಲಸಕ್ಕೆ ಮೈಲಿಗೆ 100 ಡಾಲರ್ ಬೇಕು ಅಂತ ಕಂಪನಿ ಹೇಳಿದೆ ಅನ್ನಿ. ಗ್ರಾಹಕರ ಪರ ವಕೀಲರು ಕೇಳುತ್ತಾರೆ: ‘ಹೋದ ವರ್ಷ ಇದೇ ಕೆಲಸಕ್ಕೆ ಎಷ್ಟು ಖರ್ಚಾಯಿತು?’ ಸಾಕ್ಷಿ ಕಾಗದ ತಿರುವಿ ಹೇಳುತ್ತಾರೆ: ‘70.’ ‘ಹಾಗಾದರೆ ಈ 30 ಯಾಕೆ ಜಾಸ್ತಿ? ನಿಮ್ಮ ಸಾಕ್ಷ್ಯದ ಯಾವ ಪುಟದಲ್ಲಿ ಇದರ ಕಾರಣ ಇದೆ?’ ಸಾಕ್ಷಿ ಸುಮ್ಮನಾಗುತ್ತಾರೆ. ಆಗ ಎಎಲ್‌ಜೆ ತಾವೇ ಕೇಳುತ್ತಾರೆ: ‘ಲೆಕ್ಕದ ಹಾಳೆ ಇದ್ದರೆ ಸಲ್ಲಿಸಿ, ಅದಕ್ಕೊಂದು ಗುರುತಿನ ಸಂಖ್ಯೆ ಕೊಡುತ್ತೇನೆ.’ ಆ ಗುರುತು ಸಂಖ್ಯೆ ಬಿದ್ದು, ಸಾಕ್ಷ್ಯ ಅಂತ ಒಪ್ಪಿಕೊಂಡ ಕ್ಷಣದಿಂದ ಆ ಹಾಳೆ ದಾಖಲೆಯ ಭಾಗ. ಹಾಳೆ ಬರಲೇ ಇಲ್ಲ ಅಂದರೆ ಆ 30ಕ್ಕೆ ಆಧಾರವಿಲ್ಲ ಅಂತ ಕರಡಿನಲ್ಲಿ ಬರೆಯಬಹುದು. ನೂರಾರು ಕೋಟಿ ಡಾಲರಿನ ತೀರ್ಮಾನಗಳು ಇಂಥ ಸಣ್ಣ ಸಣ್ಣ ಪ್ರಶ್ನೆಗಳ ಮೇಲೆ ನಿಂತಿರುತ್ತವೆ.

ಈ ಕೆಲಸವನ್ನು ಪ್ರತಿ ಕೇಸಿನಲ್ಲೂ ಮಾಡುವವರು ಇದ್ದಾರೆ. ಆಯೋಗದೊಳಗೇ ಇರುವ ಸ್ವತಂತ್ರ ವಿಭಾಗ ಪಬ್ಲಿಕ್ ಅಡ್ವೊಕೇಟ್ಸ್ ಆಫೀಸ್ ಒಂದು. 1973ರಲ್ಲಿ ಸಿಲ್ವಿಯಾ ಸೀಗಲ್ ಕಟ್ಟಿದ ಟರ್ನ್ ಎಂಬ ಗ್ರಾಹಕ ಸಂಸ್ಥೆ ಇನ್ನೊಂದು. ನೀವು ಕಕ್ಷಿದಾರರಾಗದಿದ್ದರೂ ಇವರ ಸಾಕ್ಷ್ಯ ತೆಗೆದು ಓದಿ. ಕಂಪನಿಯ ಅರ್ಜಿಯ ಸಾವಿರಾರು ಪುಟಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಹೆಜ್ಜೆ 6: ಅಭಿಪ್ರಾಯ ಬರೆಯುವುದು, ಸಭೆಯಲ್ಲಿ ಮಾತಾಡುವುದು

ಡಾಕೆಟ್ ಕಾರ್ಡಿನಲ್ಲೇ ಸಾರ್ವಜನಿಕ ಅಭಿಪ್ರಾಯ ಹಾಕುವ ಜಾಗ ಇದೆ. ಅದು ಕೇಸಿನ ದಾಖಲೆ ಸೇರುತ್ತದೆ. ಆದರೆ ಕಾನೂನಿನ ಪ್ರಕಾರ ಅದು ಸಾಕ್ಷ್ಯ ಅಲ್ಲ. ಹಾಗಾದರೆ ಬರೆದು ಏನು ಪ್ರಯೋಜನ ಅಂತ ಕೇಳಬೇಡಿ. ಎಎಲ್‌ಜೆ ಅದನ್ನು ಓದುತ್ತಾರೆ, ಕರಡು ತೀರ್ಪಿನಲ್ಲಿ ಜನ ಏನು ಹೇಳಿದರು ಎಂಬ ಭಾಗ ಇರುತ್ತದೆ. ಸಾಕ್ಷಿಯನ್ನು ಏನು ಕೇಳಬೇಕು ಎಂಬುದು ಹೊಳೆಯುವುದೂ ಎಷ್ಟೋ ಸಲ ಇದರಿಂದಲೇ.

ಬರೆಯುವ ರೀತಿ ಮುಖ್ಯ. ಇದನ್ನು ನೋಡಿ:

‘ದರ ಈಗಲೇ ಜಾಸ್ತಿ ಇದೆ. ಕಂಪನಿಗೆ ದುರಾಸೆ. ದಯವಿಟ್ಟು ಒಪ್ಪಬೇಡಿ.’

ಇದರಲ್ಲಿ ನ್ಯಾಯಾಧೀಶರು ಹಿಡಿದುಕೊಳ್ಳಲು ಏನೂ ಇಲ್ಲ. ಈಗ ಇದನ್ನು ನೋಡಿ:

‘ನಾವು ಫ್ರೀಮಾಂಟಿನಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೇವೆ. ಊರಿಂದ ಬಂದ ಅತ್ತೆಗೆ 78 ವರ್ಷ, ಉಸಿರಾಟದ ಯಂತ್ರ ರಾತ್ರಿಯಿಡೀ ಓಡಬೇಕು. ಬಳಕೆ ಹೋದ ಜನವರಿಯಷ್ಟೇ ಇದೆ, ಬಿಲ್ ಮಾತ್ರ ಇಷ್ಟು ಡಾಲರ್ ಏರಿದೆ. ವ್ಯಾಪ್ತಿಯ ಆದೇಶದ 2ನೇ ಪ್ರಶ್ನೆಗೆ ಸಂಬಂಧಿಸಿ ಹೇಳುವುದಾದರೆ, ಒಂದೇ ವರ್ಷದಲ್ಲಿ ಇಡೀ ಏರಿಕೆ ಹೇರುವ ಬದಲು ಹಂತ ಹಂತವಾಗಿ ಹಂಚುವ ಆಯ್ಕೆಯನ್ನು ಪರಿಶೀಲಿಸಬೇಕು.’

ಬಳಕೆ, ಹೋಲಿಕೆ, ಪ್ರಶ್ನೆಯ ನಂಬರ್, ಒಂದು ಸ್ಪಷ್ಟ ಬೇಡಿಕೆ. ಅಷ್ಟೇ ಸಾಕು. ಮನೆ ವಿಳಾಸ, ಫೋನ್, ಖಾತೆ ಸಂಖ್ಯೆ ಹಾಕಬೇಡಿ, ಇದನ್ನು ಯಾರು ಬೇಕಾದರೂ ಓದಬಹುದು.

ಸಾರ್ವಜನಿಕ ಸಭೆಗಳನ್ನು ನಡೆಸುವವರೂ ಎಎಲ್‌ಜೆಯೇ. ಈಚೆಗೆ ಬಹಳಷ್ಟು ಫೋನ್ ಮತ್ತು ಆನ್‌ಲೈನ್ ಮೂಲಕ ನಡೆಯುತ್ತವೆ. ನಿಮ್ಮ ಸರದಿಗೆ ಸಿಗುವುದು ಒಂದೆರಡು ನಿಮಿಷ. ಮನೆಯಲ್ಲಿ ಒಮ್ಮೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಶುರುವಲ್ಲಿ ಹೆಸರು, ಊರು, ಕೂಡಲೇ ವಿಷಯ. ‘ಯುವರ್ ಆನರ್’ ಅಂದರೆ ಸಾಕು, ಬೇರೆ ಉಪಚಾರ ಬೇಡ. ಇಂಗ್ಲಿಷ್ ಕಷ್ಟ ಅನ್ನುವ ಅಪ್ಪ ಅಮ್ಮಂದಿರಿಗೆ ದುಭಾಷಿ ಬೇಕು ಅಂತ ಆಯೋಗದ ಪಬ್ಲಿಕ್ ಅಡ್ವೈಸರ್ ಕಚೇರಿಗೆ ಮುಂಚೆಯೇ ಹೇಳಿಡಿ. ಸಭೆಯ ಹಿಂದಿನ ದಿನ ಕೇಳಿದರೆ ವ್ಯವಸ್ಥೆ ಮಾಡಲು ಅವರಿಗೂ ಸಮಯ ಇರುವುದಿಲ್ಲ.

ಹೆಜ್ಜೆ 7: ನ್ಯಾಯಾಧೀಶರಿಗೆ ಒಬ್ಬರೇ ಇಮೇಲ್ ಮಾಡಬೇಡಿ

ಡಾಕೆಟ್ ಕಾರ್ಡಿನಲ್ಲಿ ಹೆಸರು ಸಿಕ್ಕಿತು ಅಂತ ನೇರವಾಗಿ ಅವರಿಗೊಂದು ಪತ್ರ ಹಾಕುವ ಆಸೆ ಆಗುತ್ತದೆ. ಮಾಡಬೇಡಿ. ಉಳಿದ ಕಕ್ಷಿದಾರರಿಗೆ ತಿಳಿಯದ ಹಾಗೆ ತೀರ್ಮಾನಿಸುವವರ ಜೊತೆ ಕೇಸಿನ ವಿಷಯ ಮಾತಾಡುವುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ದೂರಿನ ಕೇಸಿನಲ್ಲಿ ಪೂರ್ತಿ ನಿಷೇಧ. ದರದ ಕೇಸಿನಲ್ಲಿ ಬಿಗಿ ನಿರ್ಬಂಧ, ವರದಿ ಮಾಡುವ ಕಟ್ಟುಪಾಡು. ನೀತಿಯ ಕೇಸಿನಲ್ಲಿ ಸ್ವಲ್ಪ ಸಡಿಲ. ಕಂಪನಿಯವರು ಬಾಗಿಲ ಹಿಂದೆ ಪಿಸುಗುಟ್ಟಬಾರದು ಅಂತ ಇರುವ ನಿಯಮ ಇದು. ನಮಗೂ ಅದೇ ಅನ್ವಯಿಸುತ್ತದೆ. ಯಾವಾಗ ವಿಚಾರಣೆ, ಯಾವ ನಮೂನೆ ಎಂಬಂಥ ವಿಧಾನದ ಪ್ರಶ್ನೆಗೆ ಪಬ್ಲಿಕ್ ಅಡ್ವೈಸರ್ ಇದ್ದಾರೆ.

ಹೆಜ್ಜೆ 8: ಕರಡು ತೀರ್ಪು ಬಂದ ದಿನ ಎಚ್ಚರವಾಗಿರಿ

ವಾದ ಮುಗಿದ ಮೇಲೆ ಎಎಲ್‌ಜೆ ಕರಡು ತೀರ್ಪು ಪ್ರಕಟಿಸುತ್ತಾರೆ. ಸಾಮಾನ್ಯವಾಗಿ 30 ದಿನ ಕಳೆಯದೆ ಆಯುಕ್ತರು ಓಟು ಹಾಕುವ ಹಾಗಿಲ್ಲ. ಕಕ್ಷಿದಾರರ ಟಿಪ್ಪಣಿಗೆ 20 ದಿನ, ಅದಕ್ಕೆ ಉತ್ತರಕ್ಕೆ ಇನ್ನೈದು ದಿನ. ಟಿಪ್ಪಣಿಯಲ್ಲಿ ಹಳೇ ವಾದವನ್ನೇ ಮತ್ತೆ ಹೇಳಿದರೆ ಅದಕ್ಕೆ ತೂಕ ಇಲ್ಲ. ಕರಡಿನಲ್ಲಿ ಯಾವ ಸಂಗತಿ, ಯಾವ ಕಾನೂನು, ಯಾವ ಲೆಕ್ಕ ತಪ್ಪಾಗಿದೆ ಅಂತ ದಾಖಲೆಯ ಪುಟ ತೋರಿಸಿ ಹೇಳಬೇಕು.

ಕರಡು ಎಷ್ಟು ಬದಲಾಗಬಹುದು? ಪಿಜಿ ಅಂಡ್ ಇ ಕೇಸನ್ನೇ ನೋಡಿ. ಕಾಡ್ಗಿಚ್ಚು ತಡೆಯಲು ತಂತಿಗಳನ್ನು ನೆಲದಡಿಗೆ ಹಾಕಲು ಕಂಪನಿ 2,000 ಮೈಲಿಗೂ ಹೆಚ್ಚು ಕೇಳಿತ್ತು. 2023ರ ಸೆಪ್ಟೆಂಬರಿನಲ್ಲಿ ಎಎಲ್‌ಜೆಗಳ ಕರಡು ಒಪ್ಪಿದ್ದು 200 ಮೈಲಿ. ಉಳಿದ 1,800 ಮೈಲಿಗೆ ಹೊದಿಕೆ ಇರುವ ತಂತಿ ಹಾಕಿ, ಅದು ಅಗ್ಗ ಅಂತ ಹೇಳಿತು. ಆಯುಕ್ತ ಜಾನ್ ರೆನಾಲ್ಡ್ಸ್ ಪರ್ಯಾಯ ಕರಡು ತಂದರು. ಅದರಲ್ಲಿ ನೆಲದಡಿಯದು 973 ಮೈಲಿ. ನವೆಂಬರ್ 16ರಂದು ಆಯೋಗ ಕೊನೆಗೆ ಒಪ್ಪಿದ್ದು 1,230 ಮೈಲಿ ನೆಲದಡಿ, 778 ಮೈಲಿ ಹೊದಿಕೆಯ ತಂತಿ. 2023ನೇ ಸಾಲಿಗೆ ಕಂಪನಿ ಕೇಳಿದ್ದು ಸುಮಾರು 1,540 ಕೋಟಿ ಡಾಲರ್, ಸಿಕ್ಕಿದ್ದು ಸುಮಾರು 1,350 ಕೋಟಿ. ಸಾಧಾರಣ ಮನೆಯ ಬಿಲ್ ತಿಂಗಳಿಗೆ 30 ಡಾಲರಿಗಿಂತ ಜಾಸ್ತಿ ಏರಿತು.

ನನಗೆ ಎಎಲ್‌ಜೆಗಳ 200 ಮೈಲಿಯ ಕರಡೇ ಗ್ರಾಹಕರ ಜೇಬಿಗೆ ಹತ್ತಿರ ಅನ್ನಿಸಿತ್ತು. ಆದರೆ ಬೆಂಕಿಯ ದಾರಿಯಲ್ಲಿರುವ ಊರಿನವರು ಬೇರೆ ಥರ ಹೇಳುತ್ತಾರೆ, ಅವರ ಭಯ ನಿಜವಾದದ್ದು. ಎರಡೂ ಕಡೆಯ ಲೆಕ್ಕ ದಾಖಲೆಯಲ್ಲಿ ಇದ್ದದ್ದರಿಂದಲೇ ಇಷ್ಟು ಬೇರೆ ಬೇರೆ ಕರಡುಗಳು ಸಾಧ್ಯವಾದವು.

ಸೋಲಾರ್ ಇರುವವರಿಗೆ ಇನ್ನೊಂದು ನೆನಪಿರಬಹುದು. 2021ರ ಡಿಸೆಂಬರಿನ ಕರಡು ತೀರ್ಪು ಸೋಲಾರ್ ಮನೆಗಳಿಗೆ ಕಿಲೋವ್ಯಾಟಿಗೆ ತಿಂಗಳಿಗೆ 8 ಡಾಲರ್ ಶುಲ್ಕ ಸೂಚಿಸಿತ್ತು. 5 ಕಿಲೋವ್ಯಾಟಿನ ಮನೆಗೆ 40 ಡಾಲರ್. ಭಾರಿ ವಿರೋಧ ಬಂತು. ಆ ಕರಡು ಓಟಿಗೆ ಬರಲೇ ಇಲ್ಲ. 2022ರ ನವೆಂಬರಿನ ಹೊಸ ಕರಡಿನಲ್ಲಿ ಆ ಶುಲ್ಕ ಇರಲಿಲ್ಲ. ಆದರೆ ಗ್ರಿಡ್‌ಗೆ ಮಾರುವ ಕರೆಂಟಿನ ಬೆಲೆ ಮಾತ್ರ ಬಹಳ ಇಳಿಯಿತು. ಡಿಸೆಂಬರಿನಲ್ಲಿ ಅದು ಪಾಸಾಯಿತು.

ಹೆಜ್ಜೆ 9: ತೀರ್ಪು ಬಂದ ಮೇಲೆ

ಒಪ್ಪಿಗೆಯಿಲ್ಲದ ಕಕ್ಷಿದಾರರು 30 ದಿನದೊಳಗೆ ಮರುವಿಚಾರಣೆಗೆ ಅರ್ಜಿ ಹಾಕಬಹುದು. ಅದು ಮುಗಿಯದೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಆಗುವುದಿಲ್ಲ.

ಕಕ್ಷಿದಾರರಾಗಿ ದುಡಿದವರಿಗೆ ಖರ್ಚು ವಾಪಸ್ ಸಿಗುವ ವ್ಯವಸ್ಥೆಯೂ ಇದೆ. ಗ್ರಾಹಕರ ಪ್ರತಿನಿಧಿಯಾಗಿರಬೇಕು, ಖರ್ಚು ಹೊರಲು ಕಷ್ಟ ಅಂತ ತೋರಿಸಬೇಕು, ತೀರ್ಪಿಗೆ ನಿಮ್ಮಿಂದ ಗಣನೀಯ ಕೊಡುಗೆ ಬಂದಿರಬೇಕು. ಕೇಳುವ ಉದ್ದೇಶವನ್ನು ಪೂರ್ವಭಾವಿ ಸಭೆಯಾದ 30 ದಿನದೊಳಗೆ ತಿಳಿಸಿರಬೇಕು, ಅಂತಿಮ ತೀರ್ಪಾದ 60 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ಮೊದಲ ಗಡುವನ್ನು ಮರೆಯುವವರೇ ಜಾಸ್ತಿ. ಕೆಲಸ ಮಾಡಿದ ಗಂಟೆಗಳನ್ನು ಅಂದಂದೇ ಬರೆದಿಡಿ.

ನಿಮ್ಮದೇ ಬಿಲ್ಲಿನ ಜಗಳವಾದರೆ

ದರದ ಪ್ರಶ್ನೆ ಬಿಟ್ಟು ನಿಮ್ಮ ಮೀಟರೇ ತಪ್ಪು ಓದುತ್ತಿದೆ, ಬೇರೆ ಮನೆಯ ಬಿಲ್ ನಿಮಗೆ ಬಂದಿದೆ ಅನ್ನಿ. ಮೊದಲು ಕಂಪನಿಗೆ ಬರೆಯಿರಿ. ಬಗೆಹರಿಯದಿದ್ದರೆ ಆಯೋಗದ ಗ್ರಾಹಕ ವಿಭಾಗಕ್ಕೆ ಅನೌಪಚಾರಿಕ ದೂರು. ಅಲ್ಲೂ ಆಗದಿದ್ದರೆ ಔಪಚಾರಿಕ ದೂರು, ಅದು ಎಎಲ್‌ಜೆ ಮುಂದೆ ಬರುತ್ತದೆ. ಸಲ್ಲಿಸಲು ಶುಲ್ಕ ಇಲ್ಲ.

ಮೊತ್ತ ಸಣ್ಣ ಕ್ಲೇಮುಗಳ ಕೋರ್ಟಿನ ಮಿತಿಯೊಳಗಿದ್ದರೆ ತ್ವರಿತ ವಿಧಾನ ಕೇಳಿ. 2024ರಿಂದ ಆ ಮಿತಿ 12,500 ಡಾಲರ್. ಇದರಲ್ಲಿ ಎರಡೂ ಕಡೆ ವಕೀಲರಿಗೆ ಅವಕಾಶ ಇಲ್ಲ. ಕಂಪನಿಯ ಉತ್ತರ ಬಂದ 30 ದಿನದೊಳಗೆ ವಿಚಾರಣೆ. ಒಂದು ವರ್ಷದ ಬಿಲ್ಲುಗಳನ್ನು ತಿಂಗಳ ಕ್ರಮದಲ್ಲಿ ಜೋಡಿಸಿ. ಮೀಟರಿನ ಫೋಟೋಗಳಲ್ಲಿ ತಾರೀಕು ಕಾಣಬೇಕು. ಕಂಪನಿಗೆ ಫೋನ್ ಮಾಡಿದ ದಿನ, ಹೊತ್ತು, ಅವರು ಏನು ಹೇಳಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಚ್ಚು ವಸೂಲಾದ ಹಣ ವಾಪಸ್ ಕೊಡಿಸಲು ಆಯೋಗಕ್ಕೆ ಅಧಿಕಾರ ಇದೆ. ಕರೆಂಟ್ ಹೋಗಿ ಫ್ರಿಜ್ಜಿನಲ್ಲಿದ್ದದ್ದು ಕೆಟ್ಟಿತು, ಅದರ ನಷ್ಟ ಕೊಡಿ ಎಂಬಂಥ ಪರಿಹಾರ ಅಲ್ಲಿ ಸಿಗುವುದಿಲ್ಲ, ಅದಕ್ಕೆ ಕೋರ್ಟ್ ಬೇರೆ. ಹಾಗಾಗಿ ದೂರಿನಲ್ಲಿ ಅದನ್ನು ಬೆರೆಸದೆ, ಎಷ್ಟು ಜಾಸ್ತಿ ವಸೂಲಾಗಿದೆ ಎಂಬ ಒಂದು ಅಂಕಿಯನ್ನು ಮೊದಲ ಪುಟದಲ್ಲೇ ಬರೆಯಿರಿ.